ಗೃಹೇತಿಹಾಸ ಬೋಧನಾ ಮೀಮಾಂಸೆ: ಸೂತ್ರ, ವೃತ್ತಿ, ಆಕ್ಷೇಪ, ಸಮಾಧಾನ ಹಾಗೂ ಶಾಪ ಸಮೇತ

ವಿಷಯ ಪ್ರವೇಶ

ಮಕ್ಕಳಿಗೆ ಮನೆಯಲ್ಲಿ ಇತಿಹಾಸವನ್ನು ರುಚಿಯಾಗಿ ಹೇಳಿಕೊಡುವುದು ಹೇಗೆ ಎಂಬ ಪ್ರಶ್ನೆ ಅನಾದಿ ಕಾಲದಿಂದ, ಅಂದರೆ ಯೂನಿಟ್ ಟೆಸ್ಟಿನ ಹಿಂದಿನ ರಾತ್ರಿಯಿಂದ, ವಿದ್ವಾಂಸರನ್ನು ಕಾಡುತ್ತಿದೆ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಇತಿಹಾಸಕ್ಕೆ ಯಾರೂ ಸ್ವಾರಸ್ಯ ಬೆರೆಸಬೇಕಾಗಿಲ್ಲ, ಇರುವ ಸ್ವಾರಸ್ಯವನ್ನು ಹೆಕ್ಕಿ ಹೊರಗೆಸೆಯುವುದನ್ನು ನಿಲ್ಲಿಸಿದರೆ ಸಾಕು. ಇದನ್ನು ಹೇಳಿ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಒಂದೇ ವಾಕ್ಯದಲ್ಲಿ ಮುಗಿದದ್ದನ್ನು ಪಂಡಿತರು ಪ್ರಬಂಧವೆಂದು ಒಪ್ಪುವುದಿಲ್ಲವಾದ್ದರಿಂದ ಮುಂದುವರಿಸಲಾಗಿದೆ.

ಪೂರ್ವಪಕ್ಷ: ಪೋಷಕರಲ್ಲಿ ಮೂರು ಪಂಥಗಳು

ಮೊದಲನೆಯದು ಇಸವಿವಾದ. ಇವರ ಮತದಲ್ಲಿ ಇತಿಹಾಸವೆಂದರೆ ನಾಲ್ಕಂಕಿಯ ಒಂದು ಸಂಖ್ಯೆ. ಮಗು ತುತ್ತು ಬಾಯಿಗಿಡುವ ಹೊತ್ತು ನೋಡಿ "ತಾಳಿಕೋಟೆ ಯುದ್ಧ ಯಾವಾಗ ಆಯ್ತು, ಹೇಳು" ಎಂದು ಮೇಲೆರಗುವುದು ಇವರ ರಣತಂತ್ರ. ಮಗು 1565 ಎಂದರೆ ಯುದ್ಧ ಮುಗಿಯಿತು. ಯಾಕಾಯ್ತು, ಸೋತವರ ಆನೆಗಳನ್ನು ಯಾರು ಇಟ್ಟುಕೊಂಡರು ಎಂದು ಅದು ತಿರುಗಿ ಕೇಳಿದರೆ "ಅದೆಲ್ಲ ಪೋರ್ಷನ್‌ನಲ್ಲಿಲ್ಲ, ಊಟ ಮಾಡು" ಎಂಬುದು ಈ ಪಂಥದ ಅಂತಿಮ ಪ್ರಮಾಣ.

ಎರಡನೆಯದು ಪ್ರವಾಸವಾದ. ಹಂಪಿಯ ಬಂಡೆಗಳು ಕಾದು ಕೆಂಡವಾಗುವ ಮೇ ತಿಂಗಳನ್ನೇ ಆರಿಸಿಕೊಂಡು, ಮಗುವನ್ನು ಕಲ್ಲಿನ ರಥದ ಮುಂದೆ ನಿಲ್ಲಿಸಿ "ಸ್ವಲ್ಪ ನಗೋ" ಎನ್ನುವವರು ಇವರು. ಮನೆಗೆ ಮರಳಿದ ಮೇಲೆ ವಿಜಯನಗರದಲ್ಲಿ ಏನು ನೋಡಿದೆ ಎಂದು ಕೇಳಿದರೆ ಮಗು ಐಸ್‌ಕ್ಯಾಂಡಿಯ ಬಣ್ಣ ಹೇಳುತ್ತದೆ. ಪ್ರತ್ಯಕ್ಷ ಪ್ರಮಾಣವಾದ್ದರಿಂದ ಅಲ್ಲಗಳೆಯುವಂತಿಲ್ಲ.

ಮೂರನೆಯದು ಮೊಬೈಲ್‌ವಾದ. ಇವರು ವಿಡಿಯೊ ಹಚ್ಚಿಕೊಟ್ಟು ಇತಿಹಾಸಕ್ಕೆ ಕೈಮುಗಿಯುತ್ತಾರೆ. ಅಶೋಕನಿಂದ ಆರಂಭವಾದ ವೀಕ್ಷಣೆ ಸ್ವಲ್ಪ ಹೊತ್ತಿನಲ್ಲೇ ಸ್ಲೈಮ್ ತಯಾರಿಕೆಗೆ ಬಂದು ತಲುಪುವ ವಿದ್ಯಮಾನಕ್ಕೆ ಈ ಶಾಸ್ತ್ರದಲ್ಲಿ ಸಾಮ್ರಾಜ್ಯದ ಪತನವೆಂದು ಹೆಸರು.

ಮೂರೂ ಪಂಥಗಳನ್ನು ಬದಿಗೆ ಸರಿಸಿ ನಾಲ್ಕು ಸೂತ್ರಗಳನ್ನು ಸ್ಥಾಪಿಸುತ್ತೇವೆ.

ಸೂತ್ರ 1: ನಾಯಿ ಮೊದಲು, ರಾಜ ಆಮೇಲೆ

ವೃತ್ತಿ: ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಇದಕ್ಕೆ ಆಧಾರ. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ಇಸವಿವಾದಿ ಇಲ್ಲಿಗೆ ಪುಸ್ತಕ ಮುಚ್ಚುತ್ತಾನೆ, ಮಗು ಕಣ್ಣು ಮುಚ್ಚುತ್ತದೆ. ಆದರೆ ಕಲ್ಲು ಅಲ್ಲಿಗೆ ಬಾಯಿ ಮುಚ್ಚುವುದಿಲ್ಲ. ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಅದನ್ನೂ ಕೊಂದು ತಾನೂ ಸತ್ತಿತು. ಕಲ್ಲು ನಿಲ್ಲಿಸಿದರು, ನಾಯಿ-ಹಂದಿಯ ಕಾಳಗ ಕೆತ್ತಿಸಿದರು, ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆಕ್ಷೇಪ: ನಾಯಿಯಿಂದ ಶುರು ಮಾಡಿದರೆ ರಾಜವಂಶಗಳಿಗೆ ಅವಮಾನವಲ್ಲವೇ?

ಸಮಾಧಾನ: ಅಲ್ಲ. ಕಾಳಿ ಮೊದಲು ಯಾರ ನಾಯಿ ಎಂದು ಮಗು ಕೇಳುತ್ತದೆ, ಬೂತುಗ ಬರುತ್ತಾನೆ. ಬೂತುಗ ಯಾರ ಪಾರ್ಟಿ ಎಂದು ಕೇಳುತ್ತದೆ. ಮೂರನೆಯ ಕೃಷ್ಣ ಬರುತ್ತಾನೆ. ಚೋಳರ ಜೊತೆ ಅವನಿಗೇನು ಜಗಳ ಎಂದು ಕೇಳುತ್ತದೆ. ಅಪ್ಪ ಕನ್ನಡಕ ಹುಡುಕುತ್ತಾನೆ. ಹತ್ತನೆಯ ಶತಮಾನದ ದಕ್ಷಿಣ ಭಾರತ ಪೂರ್ತಿಯಾಗಿ ಕಾಳಿಯ ಬಾಲ ಹಿಡಿದುಕೊಂಡು ಪಡಸಾಲೆಗೆ ಬಂದು ಕೂರುತ್ತದೆ.

ಸೂತ್ರ 2: ಖರ್ಚು ಮಾಡುವ ಮುನ್ನ ನೋಟು ತಿರುಗಿಸು

ವೃತ್ತಿ: ಹತ್ತರ ನೋಟಿನ ಹಿಂದೆ ಕೋನಾರ್ಕದ ಸೂರ್ಯ ದೇವಾಲಯ, ಇಪ್ಪತ್ತರ ಹಿಂದೆ ಎಲ್ಲೋರ, ಐವತ್ತರ ಹಿಂದೆ ಹಂಪಿಯ ಕಲ್ಲಿನ ರಥ, ನೂರರ ಹಿಂದೆ ಗುಜರಾತಿನ ರಾಣಿ ಕಿ ವಾವ್ ಎಂಬ ಮೆಟ್ಟಿಲುಬಾವಿ, ಇನ್ನೂರರ ಹಿಂದೆ ಸಾಂಚಿ ಸ್ತೂಪ, ಐನೂರರ ಹಿಂದೆ ಕೆಂಪುಕೋಟೆ. ಒಟ್ಟು 880 ರೂಪಾಯಿ ಬಂಡವಾಳದಲ್ಲಿ ಆರು ಸ್ಮಾರಕಗಳ ಸಂಗ್ರಹಾಲಯ ಸಿದ್ಧ. ಸಂಜೆಗೆ ಬಂಡವಾಳವನ್ನು ಹಾಗೆಯೇ ವಾಪಸು ಪಡೆಯಬಹುದು, ಮಗು ಪ್ರಾಮಾಣಿಕವಾಗಿದ್ದರೆ. ಐವತ್ತರ ರಥ ರಥವೇ ಅಲ್ಲ, ವಿಠ್ಠಲನ ಎದುರು ಗರುಡನಿಗೆ ಕಟ್ಟಿದ ಗುಡಿ ಎಂದು ಹೇಳಿ ನೋಡಿ. ಮಗು ನೋಟನ್ನು ಮತ್ತೆ ಕೈಗೆತ್ತಿಕೊಳ್ಳುತ್ತದೆ. ಎಲ್ಲೋರದ ಕೈಲಾಸನಾಥ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಇಡೀ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ್ದು ಎಂದರೆ ಬರುವ ಪ್ರಶ್ನೆ ಇದು: "ತಪ್ಪು ಕೆತ್ತಿದ್ರೆ ರಬ್ಬರ್ ಎಲ್ಲಿತ್ತು?" ಶಿಲ್ಪಶಾಸ್ತ್ರದ ಕುರಿತು ಇದಕ್ಕಿಂತ ಒಳ್ಳೆಯ ಪ್ರಶ್ನೆ ನಮಗೆ ಹೊಳೆದಿಲ್ಲ.

ಆಕ್ಷೇಪ: ಮನೆಯಲ್ಲಿ ನೋಟೇ ಇಲ್ಲ, ಎಲ್ಲ ಫೋನ್‌ಪೇ.

ಸಮಾಧಾನ: ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ ಉತ್ಖನನ ನಡೆಸತಕ್ಕದ್ದು.

ಸೂತ್ರ 3: ಸಾರಿನಿಂದ ಟೊಮೆಟೊ ತೆಗೆ

ವೃತ್ತಿ: ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ ಮೂರೂ ಅಮೆರಿಕ ಖಂಡದ ಬೆಳೆಗಳು. ಹಡಗು ಹತ್ತಿ ಬಂದು ನಮ್ಮ ಅಡುಗೆಮನೆಯಲ್ಲಿ ಊರಿಕೊಳ್ಳಲು ಅವಕ್ಕೆ ಕಾಲ ಹಿಡಿಯಿತು. ಆದ್ದರಿಂದ ಒಂದು ಭಾನುವಾರ ಇವು ಮೂರನ್ನೂ ಅಡುಗೆಮನೆಯಿಂದ ಗಡಿಪಾರು ಮಾಡಿ, ಕಾಳುಮೆಣಸು, ಹುಣಸೆಹುಳಿಯ ಸಾರು ಕಾಯಿಸಬೇಕು. ರಾಯರ ಎಲೆಯ ಮೇಲೆ ಆಲೂಗೆಡ್ಡೆ ಪಲ್ಯ ಇರಲಿಲ್ಲ ಎಂಬ ಸುದ್ದಿಯಿಂದ ಮಗುವಿಗೆ ಆಗುವ ಮರುಕ ಯಾವ ಪಾಠದಿಂದಲೂ ಆಗದು.

ತಿಂಡಿಗೆ ಮಾತ್ರ ಆತಂಕ ಬೇಡ. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲೇ ಇಡ್ಡಲಿಗೆ ಇದೆ. ಅಂದರೆ 1117ರ ಬೇಲೂರು ಚೆನ್ನಕೇಶವ ದೇವಾಲಯಕ್ಕಿಂತ ಅದು ಹಿರಿಯದು. ಚಾವುಂಡರಾಯನ 'ಲೋಕೋಪಕಾರ'ದ ಇಡ್ಲಿಯಲ್ಲಿ ಮಜ್ಜಿಗೆಯಲ್ಲಿ ನೆನೆಸಿದ ಉದ್ದು ಇದೆ, ಅಕ್ಕಿಯ ಸುಳಿವಿಲ್ಲ.

ಆಕ್ಷೇಪ: ಮಗು ಈ ಸಾರನ್ನು ಮುಟ್ಟದಿದ್ದರೆ?

ಸಮಾಧಾನ: ಹಸಿವಾಗಲಿ. ಬರಗಾಲವೂ ಇತಿಹಾಸದ ಒಂದು ಅಧ್ಯಾಯವೇ.

ಸೂತ್ರ 4: ಹೇಳಿದವನು ಯಾರು, ಅವನಿಗೇನು ಲಾಭ ಎಂದು ಕೇಳು

ವೃತ್ತಿ: ಡಬ್ಬಿಯಿಂದ ಕೋಡುಬಳೆ ಮಾಯವಾದ ದಿನವೇ ಈ ಪಾಠಕ್ಕೆ ಶುಭಮುಹೂರ್ತ. ಅಕ್ಕನ ಅಂಗಿಯ ಮೇಲಿನ ಚೂರು ಭೌತಿಕ ಸಾಕ್ಷ್ಯ. "ನಾನಲ್ಲ" ಎಂಬುದು ಆತ್ಮಕಥನ. ಅಜ್ಜಿ ಕಂಡದ್ದು ಮೌಖಿಕ ಪರಂಪರೆ. ಇದೇ ನ್ಯಾಯಾಲಯಕ್ಕೆ ಇಮ್ಮಡಿ ಪುಲಕೇಶಿಯನ್ನು ಕರೆಯಿಸಿ. ಹರ್ಷನ ಹರ್ಷವನ್ನೇ ಇವನು ಇಳಿಸಿದ ಎಂದು ಐಹೊಳೆಯಲ್ಲಿ 634ರಲ್ಲಿ ಬರೆದವನು ರವಿಕೀರ್ತಿ. ಆತ ಪುಲಕೇಶಿಯ ಕೃಪೆಯಲ್ಲಿದ್ದವನು. ಅದೇ ಶಾಸನದಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ತಾನೇ ಸೇರಿಸಿಕೊಂಡವನು. ಇಂಥವನ ಮಾತು ನಂಬುವುದೇ? ಆದರೆ ಹರ್ಷನ ಆತಿಥ್ಯ ಉಂಡ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೂಡ, ಹರ್ಷನಿಗೆ ಈ ದಕ್ಷಿಣದ ರಾಜನನ್ನು ಮಣಿಸಲಾಗಲಿಲ್ಲ ಎಂದೇ ಬರೆದಿದ್ದಾನೆ. ಅಕ್ಕನ ಜೀವದ ಗೆಳತಿಯೇ ಬಂದು "ಹೌದು ಆಂಟಿ, ಕೋಡುಬಳೆ ಅವಳೇ ತಿಂದಿದ್ದು" ಎಂದ ಹಾಗೆ. ಕೇಸು ಇತ್ಯರ್ಥವಾಯಿತು. ಸಾಕ್ಷ್ಯ ತೂಗುವುದೆಂದರೆ ಇಷ್ಟೇ ಎಂದು ಮಗುವಿಗೆ ಗೊತ್ತಾಯಿತು, ಹೇಳಿಕೊಟ್ಟದ್ದು ಮಾತ್ರ ಗೊತ್ತಾಗಲಿಲ್ಲ.

ದೋಷ ಪ್ರಕರಣ

ನಾಲ್ಕನೆಯ ಸೂತ್ರಕ್ಕೆ ಗಂಭೀರವಾದ ಒಂದು ಅಡ್ಡಪರಿಣಾಮ ಉಂಟು. ಸಾಕ್ಷಿ ಕೇಳಲು ಕಲಿತ ಮಗು ರಾಜರನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ. "ನಿನ್ನ ವಯಸ್ಸಲ್ಲಿ ನಾನು ದಿನಾ ಐದು ಮೈಲಿ ನಡೆದು ಸ್ಕೂಲಿಗೆ ಹೋಗ್ತಿದ್ದೆ" ಎಂಬ ಅಪ್ಪನ ಪ್ರಶಸ್ತಿ ಶಾಸನ ಹೊರಬೀಳುತ್ತಲೇ ಅದು ಸಮಕಾಲೀನ ಆಕರ ಹುಡುಕಿಕೊಂಡು ಅಜ್ಜಿಯ ಬಳಿ ಹೋಗುತ್ತದೆ. ಅಜ್ಜಿ ಅಕ್ಕಿ ಆರಿಸುತ್ತಾ, "ಐದು ಮೈಲಿ ಎಲ್ಲಿಂದ ಬಂತೋ? ಸ್ಕೂಲು ನಮ್ಮ ಹಿತ್ತಿಲ ಬೇಲಿಯಾಚೆ ಇತ್ತು. ಆದ್ರೂ ದಿನಾ ಲೇಟು" ಎನ್ನುತ್ತಾಳೆ. ಪೋಷಕರು ಈ ಶಾಸ್ತ್ರಕ್ಕೆ ಕೈಹಾಕುವ ಮುನ್ನ ತಮ್ಮ ಬಾಲ್ಯದ ಪಠ್ಯವನ್ನು ಒಮ್ಮೆ ಪರಿಷ್ಕರಿಸಿಕೊಳ್ಳುವುದು ಕ್ಷೇಮ.

ಫಲಶ್ರುತಿ ಮತ್ತು ಶಾಪಾಶಯ

ಈ ನಾಲ್ಕು ಸೂತ್ರಗಳನ್ನು ಪಾಲಿಸಿದವರ ಮಕ್ಕಳಿಗೆ ಅಂಕ ಹೆಚ್ಚು ಬರುತ್ತದೆಂದು ನಾವು ಹೇಳುವುದಿಲ್ಲ. ಪ್ರಶ್ನೆಗಳು ಹೆಚ್ಚಾಗುತ್ತವೆ, ಮಲಗುವ ಹೊತ್ತಿಗೆ ಇನ್ನೂ ಹೆಚ್ಚಾಗುತ್ತವೆ.

ದತ್ತಿ ಶಾಸನಗಳ ಕೊನೆಗೆ, ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ ಎಂಬ ಶಾಪ ಇರುವುದುಂಟು. ಈ ಭಾಗವನ್ನು ಮಕ್ಕಳಿಗೆ ಅರ್ಥಸಹಿತ ವಿವರಿಸತಕ್ಕದ್ದು. ಎರಡನೆಯ ಸಲ ಹೇಳಿ ಎಂದು ಅವರೇ ಪೀಡಿಸುತ್ತಾರೆ. ಆ ಪರಂಪರೆಯನ್ನು ಅನುಸರಿಸಿ ಈ ಪ್ರಬಂಧಕ್ಕೂ ರಕ್ಷಣೆ ಒದಗಿಸಲಾಗಿದೆ: ಕಾಳಿಯ ಕಥೆ ಗೊತ್ತಿದ್ದೂ ಅದನ್ನು ಹೇಳದೆ ಮಗುವಿನಿಂದ 949 ಎಂಬ ಅಂಕಿಯನ್ನಷ್ಟೇ ಬಾಯಿಪಾಠ ಮಾಡಿಸಿದವರು, ಅರವತ್ತು ಸಾವಿರ ವರ್ಷ ಶಾಲಾ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಅಡ್ಮಿನ್ ಆಗಿ ಹುಟ್ಟಿ, "ನಾಳೆ ಯಾವ ಪಾಠ?" ಎಂಬ ಪ್ರಶ್ನೆಗೆ ರಾತ್ರಿ ಹನ್ನೊಂದಕ್ಕೆ ಉತ್ತರಿಸುತ್ತಿರಲಿ.