ಲೋಟದಲ್ಲಿ ಇಲ್ಲದ ಗೆರೆ

ದಾಸವಾಳದ ಬೇಲಿಯ ಆ ಕಡೆಯಿಂದ ಮೊದಲು ಒಂದು ಕೆಮ್ಮು ಬಂತು, ಆಮೇಲೆ ಕಾಫಿ ಲೋಟ, ಆಮೇಲೆ ಮೇಷ್ಟ್ರು. ನಿವೃತ್ತ ಕನ್ನಡ ಮೇಷ್ಟ್ರು. ಲೋಟ ಹಿಡಿದು ಬೇಲಿ ಹತ್ತಿರ ಬಂದರು ಅಂದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

“ರಾತ್ರಿಯೂ ಮಳೆ. ಶೆಡ್ಡಿನೊಳಗಿದ್ದೂ ಸ್ಕೂಟರಿನ ಮೂತಿ ಪೂರ್ತಿ ತೊಯ್ದಿದೆ. ಆ ತಗಡಿನ ಅಂಗಡಿಯವನು ಒಂದು ಅಡಿ ನುಂಗಿದ್ದಾನೆ ಸ್ವಾಮಿ, ಅವನು ಉದ್ಧಾರ ಆಗಲ್ಲ.”

ಇದು ಮಳೆಗಾಲದ ನಿತ್ಯ ಮಂತ್ರ. ನಾನು ಹೂಂ ಅಂದೆ.

“ಇರಲಿ. ಜೀವಮಾನವೆಲ್ಲ ಗೆರೆ ಎಳೆದವರು ನೀವು, ನಮ್ಮ ಮೊಮ್ಮಗನ ಡ್ರಾಯಿಂಗ್ ಶೀಟು ಸ್ವಲ್ಪ ನೋಡಿ. ಡಿಪ್ಲೊಮಾಕ್ಕೆ ಸೇರಿ ಎರಡು ತಿಂಗಳು, ಬರೀ ಕೆಂಪು ಶಾಯಿ ಬಳಿಸಿಕೊಂಡು ಬರ್ತಾನೆ.”

ಶೀಟು ಬೇಲಿ ದಾಟಿ ಬಂತು. ಒಂದು ಚೌಕಾಕಾರದ ದಿಮ್ಮಿ, ಅದರ ಮೇಲೆ ನಿಂತ ಕೊಳವೆ, ದಿಮ್ಮಿಯ ಒಂದು ಮೂಲೆ ಓರೆಯಾಗಿ ಕತ್ತರಿಸಿದ್ದು. ದಿಮ್ಮಿ ಚೆನ್ನಾಗೇ ಇತ್ತು. ಕೊಳವೆಯ ಬಾಯಿಗೆ ಬಂದಾಗ ಮಾತ್ರ ಹುಡುಗ ಎರಡು ಕಮಾನು ಎಳೆದು ತುದಿಗಳನ್ನು ಚೂಪು ಮಾಡಿಬಿಟ್ಟಿದ್ದ, ತೋರಣದ ಮಾವಿನೆಲೆ ಹಾಗೆ. ಬುಡಕ್ಕೆ ಒಂದು ನೆಟ್ಟಗಿನ ಗೆರೆ ಎಳೆದು ಕೈ ತೊಳೆದುಕೊಂಡಿದ್ದ.

“ಮೇಷ್ಟ್ರೇ, ನಿಮ್ಮ ಲೋಟ ಎತ್ತಿ. ಬಾಯಿ ಕಣ್ಣಿನ ಮಟ್ಟಕ್ಕೆ ಬರಲಿ. ಒಂದು ಕಣ್ಣು ಮುಚ್ಚಿ. ಬಾಯಿ ಹೇಗೆ ಕಾಣುತ್ತೆ?”

“ಬರೀ ಗೆರೆ.”

“ನಿಧಾನಕ್ಕೆ ಇಳಿಸಿ.”

“ಆಹಾ, ಬಾಯಿ ತೆರೀತಾ ಇದೆ!”

“ಎಲ್ಲಾದರೂ ಮೂಲೆ ಕಾಣುತ್ತಾ? ಇಲ್ಲ ತಾನೆ. ಬುಡ ನೋಡಿ, ನೆಟ್ಟಗಿದೆಯಾ? ಬಾಯಿಗಿಂತ ಹೆಚ್ಚೇ ಬಾಗಿದೆ. ಸರಿ, ಈಗ ಲೋಟದ ಎಡಕ್ಕೊಂದು ಬಲಕ್ಕೊಂದು ಉದ್ದ ಗೆರೆ ಇದೆಯಲ್ಲ, ಅದನ್ನು ಬೆರಳಲ್ಲಿ ಮುಟ್ಟಿ.”

ಮೇಷ್ಟ್ರು ಮುಟ್ಟಿದರು. ಲೋಟ ತಿರುಗಿಸಿ ಮತ್ತೆ ಮುಟ್ಟಿದರು. ಮುಟ್ಟಿದ ಜಾಗ ಎದುರಿಗೆ ಬಂತು, ಗೆರೆ ಮಾತ್ರ ಇದ್ದಲ್ಲೇ ಇತ್ತು.

“ಅದು ಲೋಟದ ಗೆರೆ ಅಲ್ಲ, ನಿಮ್ಮ ನೋಟ ಮುಗಿಯೋ ಜಾಗ. ದುಂಡನೆ ಮೈಗೆ ಅಂಚು ಅನ್ನೋದೇ ಇಲ್ಲ.”

“ಇಲ್ಲದ ಗೆರೆ ಎಳೆಯೋದಕ್ಕೆ ನಿಮಗೆ ಸಂಬಳ, ಪಿಂಚಣಿ ಬೇರೆ!”

ಈ ವಿದ್ಯೆಯ ಹಿಂದೆ ಒಬ್ಬ ಪಾದ್ರಿ ಇದ್ದಾನೆ ಅಂತ ಹೇಳಿದೆ. ವಿಲಿಯಂ ಫ್ಯಾರಿಷ್, ಕೇಂಬ್ರಿಜ್‌ನಲ್ಲಿ ಪ್ರೊಫೆಸರು. ಪಾಠಕ್ಕೆ ಬೇಕಾದ ಯಂತ್ರದ ಮಾದರಿಗಳನ್ನು ಬಿಡಿಭಾಗಗಳಿಂದ ಜೋಡಿಸುವುದು, ಪಾಠ ಮುಗಿದ ಮೇಲೆ ಬಿಚ್ಚಿ ಇನ್ನೊಂದು ಜೋಡಿಸುವುದು ಅವನ ಪದ್ಧತಿ. ಜೋಡಿಸುವ ಸಹಾಯಕರಿಗೆ ಅರ್ಥವಾಗುವ ಚಿತ್ರ ಬೇಕಲ್ಲ? ಹಾಗೆ ಬಂದದ್ದು ಐಸೊಮೆಟ್ರಿಕ್. 1822ರಲ್ಲಿ ಅದರ ಮೇಲೆ ಪ್ರಬಂಧವನ್ನೇ ಪ್ರಕಟಿಸಿದ. ಎತ್ತರ ನೆಟ್ಟಗೆ, ಉದ್ದ ಅಗಲ ಎರಡೂ 30 ಡಿಗ್ರಿ ಓರೆಗೆ. ಈ ಮೂರು ದಿಕ್ಕಿಗೂ ಒಂದೇ ಸ್ಕೇಲು ಇಟ್ಟು ಅಳೆಯಬಹುದು, ಅದೇ ಅದರ ಸೊಗಸು.

ಚೌಕ ಅದರಲ್ಲಿ ವಜ್ರದಾಕಾರಕ್ಕೆ ಓರೆಯಾಗುತ್ತದೆ, ಸಡಿಲವಾಗಿ ವಾಲಿದ ಕಿಟಕಿ ಚೌಕಟ್ಟಿನ ಹಾಗೆ. ವೃತ್ತ ಆ ವಜ್ರದ ನಾಲ್ಕೂ ಬದಿಯನ್ನು ನಡುಮಧ್ಯೆ ಮುಟ್ಟಿಕೊಂಡು ಒಳಗೆ ಕೂರಬೇಕು. ಕೈವಾರದಲ್ಲಿ ನಾಲ್ಕು ಕಮಾನು, ಎರಡು ದೊಡ್ಡವು, ಎರಡು ಚಿಕ್ಕವು. ನಮ್ಮ ಹುಡುಗ ಬಿಟ್ಟಿದ್ದು ಆ ಚಿಕ್ಕ ಎರಡನ್ನು. ವೃತ್ತ ಹೀಗೆ ಮೊಟ್ಟೆಯಾಗುತ್ತದೆ, ಉದ್ದ 17 ಆದರೆ ಅಗಲ ಸುಮಾರು 10 ಬರುತ್ತದೆ. ಮೊಟ್ಟೆ ಯಾವ ಕಡೆ ವಾಲಬೇಕು ಅನ್ನುವುದು ಮಕ್ಕಳಿಗೆ ದೊಡ್ಡ ಗೊಂದಲ. ಎತ್ತಿನ ಗಾಡಿಯನ್ನು ಓರೆಯಿಂದ ನೋಡಿದವರಿಗೆ ಅದು ಗೊತ್ತು. ಅಚ್ಚು ಯಾವ ದಿಕ್ಕಿಗೆ ಹೋಗಿದೆಯೋ ಆ ದಿಕ್ಕಿಗೇ ಚಕ್ರ ಸೊರಗಿರುತ್ತದೆ. ಗಾಡಿಯನ್ನೇ ಕಾಣದ ಹುಡುಗರಿಗೆ ಸ್ಕೂಟರ್ ತೋರಿಸಬಹುದು.

“ಆ ಕತ್ತರಿಸಿದ ಮೂಲೆಗೂ ಕೆಂಪು ಶಾಯಿ ಬಿದ್ದಿದೆಯಲ್ಲ?”

“ಕೋನಮಾಪಕ ಇಟ್ಟು 45 ಡಿಗ್ರಿ ಎಳೆದಿದ್ದಾನೆ. ಐಸೊಮೆಟ್ರಿಕ್‌ನಲ್ಲಿ ಓರೆ ಗೆರೆಯ ಕೋನವನ್ನೂ ನಂಬಬಾರದು, ಉದ್ದವನ್ನೂ ನಂಬಬಾರದು. ಮೂರು ದಿಕ್ಕಿನಲ್ಲಿ ಅಳೆದು ಎರಡು ತುದಿ ಗುರುತು ಹಾಕಿ, ಆಮೇಲೆ ಸೇರಿಸಬೇಕು. ಓರೆ ಮೈಯೇ ಹಾಗೆ ಮೇಷ್ಟ್ರೇ. ಅದನ್ನು ಎದುರಾಬದುರು ನೋಡಿದರೆ ಮಾತ್ರ ನಿಜವಾದ ಅಳತೆ. ಮೇಲಿಂದ ನೋಡಿದಿರೋ, ಗಿಡ್ಡ ಕಾಣುತ್ತೆ. ಈಗ ನಿಮ್ಮ ಶೆಡ್ಡನ್ನೇ ತಗೊಳ್ಳಿ...”

ಅಲ್ಲಿಗೆ ನನ್ನ ನಾಲಿಗೆ ನಿಂತಿತು, ಆದರೆ ಒಂದು ಮಾತು ತಡವಾಗಿ.

“ನಮ್ಮ ಶೆಡ್ಡು ಏನಂತೆ?”

ಶೆಡ್ಡಿನ ಗೋಡೆಯಿಂದ ಕಂಬಕ್ಕೆ 12 ಅಡಿ. ನಮ್ಮ ಮಲೆನಾಡಿನ ಮಳೆ ಜಾರಿ ಹೋಗಲಿ ಅಂತ ಗೋಡೆಯ ಕಡೆ 5 ಅಡಿ ಎತ್ತರ ಹೆಚ್ಚು ಕೊಟ್ಟಿದೆ. 12ರ ವರ್ಗ 144, 5ರದ್ದು 25, ಎರಡೂ ಸೇರಿ 169. ಮೇಷ್ಟ್ರು ಕನ್ನಡದವರಾದರೂ ಮಗ್ಗಿ ಮರೆತವರಲ್ಲ.

“ಹದಿಮೂರು,” ಅಂದರು. ತಿರುಗಿ ಶೆಡ್ಡು ನೋಡಿದರು. “ಅಂದರೆ ಆ ಅಂಗಡಿಯವನು ಕೇಳಿದಷ್ಟು ಉದ್ದದ ತಗಡನ್ನೇ ಕೊಟ್ಟಿದ್ದಾನೆ. ನಕ್ಷೆಯಲ್ಲಿ 12 ಅಂತ ಇತ್ತು.”

“ಇತ್ತು.”

“ಮದುವೆ ಪತ್ರಿಕೆಯ ಹಿಂದೆ ಆ ನಕ್ಷೆ ಬರೆದುಕೊಟ್ಟಿದ್ದು ಯಾರು ಸ್ವಾಮಿ?”

ನಾನು ಹುಡುಗನ ಶೀಟನ್ನು ಸುರುಳಿ ಸುತ್ತಿ ಬೇಲಿಯ ಮೇಲಿಂದ ಚಾಚಿದೆ.

“ಕಾಫಿ ಆರ್ತಾ ಇದೆ, ಕುಡೀರಿ ಮೇಷ್ಟ್ರೇ.”