ದುರಾರಾಧ್ಯ ಬಂಧುಗಳಿಗೆ ಹಬ್ಬದ ಉಡುಗೊರೆ: ಒಂದು ಶಾಸ್ತ್ರೀಯ ವಿವೇಚನೆ

ಏನು ಕೊಟ್ಟರೂ ತೃಪ್ತಿಯಾಗದ, ಏನೂ ಕೊಡದಿದ್ದರೆ ಜನ್ಮವಿಡೀ ಮರೆಯದ ನೆಂಟನಿಗೆ ದುರಾರಾಧ್ಯ ಬಂಧು ಎಂದು ಹೆಸರು. ಬಂಧು ಯಾರೆಂಬುದನ್ನು ಆದಾಯ ತೆರಿಗೆ ಕಾನೂನು ಆಗಲೇ ತೀರ್ಮಾನಿಸಿಬಿಟ್ಟಿದೆ: ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು, ತಂದೆತಾಯಿಯ ಒಡಹುಟ್ಟಿದವರು, ತಮ್ಮ ಹಾಗೂ ಗಂಡನ ಅಥವಾ ಹೆಂಡತಿಯ ನೇರ ವಂಶದ ಹಿರಿಯರು-ಕಿರಿಯರು ಮತ್ತು ಇವರನ್ನು ಮದುವೆಯಾದವರು. ಇವರು ಕೊಟ್ಟದ್ದಕ್ಕೆ ತೆರಿಗೆಯಿಲ್ಲ. ದೊಡ್ಡಪ್ಪನ ಮಗ, ಸೋದರಮಾವನ ಮಗಳು ಈ ಪಟ್ಟಿಯಲ್ಲಿಲ್ಲ. ಅಂಥವರಿಂದ ಒಂದು ವರ್ಷದಲ್ಲಿ ಬಂದ ಹಣ 50,000 ರೂಪಾಯಿ ದಾಟಿದರೆ, ಮದುವೆಯಂಥ ಸಂದರ್ಭ ಬಿಟ್ಟು, ತೆರಿಗೆ ಬೀಳುತ್ತದೆ. ಅಷ್ಟು ಕೊಡುವ ದೊಡ್ಡಪ್ಪನ ಮಗ ಯಾವ ಶಾಸ್ತ್ರಕಾರನ ಕಣ್ಣಿಗೂ ಬಿದ್ದಿಲ್ಲವಾದ್ದರಿಂದ ಈ ನಿಯಮದ ಚರ್ಚೆ ಇಲ್ಲಿಗೆ ಸಾಕು.

ಉಡುಗೊರೆಯ ಶಾಸ್ತ್ರದ ಪೂರ್ವಸೂರಿಗಳಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ ಮುಖ್ಯ. ಕೊಡಲೇಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕು, ತೆಗೆದುಕೊಂಡದ್ದನ್ನು ತೀರಿಸಲೇಬೇಕು ಎಂಬ ಮೂರು ಕಟ್ಟುಪಾಡುಗಳನ್ನು ಆತ 1925ರಲ್ಲಿ ವಿವರಿಸಿದ. ಕರ್ನಾಟಕದ ಮದುವೆಮನೆಗಳಲ್ಲಿ ಮುಯ್ಯಿ ಬರೆಯಲು ಕೂತವನ ಪುಸ್ತಕದಲ್ಲಿ ಈ ಸಿದ್ಧಾಂತ ಹೆಸರು, ಊರು, ಮೊತ್ತದ ಸಮೇತ ಲಭ್ಯ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗಲ್ 1993ರಲ್ಲಿ ಕ್ರಿಸ್‌ಮಸ್ ಉಡುಗೊರೆಗಳ ಲೆಕ್ಕ ತೆಗೆದು, ಕೊಟ್ಟವರು ತೆತ್ತ ಬೆಲೆಯಲ್ಲಿ ಶೇ. 10ರಿಂದ ಮೂರನೆಯ ಒಂದು ಭಾಗದವರೆಗೆ ಪಡೆದವರ ದೃಷ್ಟಿಯಲ್ಲಿ ದಂಡ ಎಂದು ತೋರಿಸಿದ. ಗೆಳೆಯರು ಕೊಟ್ಟದ್ದಕ್ಕಿಂತ ಅತ್ತೆ, ಮಾವ, ಅಜ್ಜ, ಅಜ್ಜಿಯರು ಕೊಟ್ಟದ್ದರಲ್ಲಿ ನಷ್ಟ ಹೆಚ್ಚು. ಇದನ್ನು ಅರಿಯಲು ಪದವಿ ಬೇಕಿತ್ತೇ ಎಂಬ ಆಕ್ಷೇಪಕ್ಕೆ ಉತ್ತರವಿಲ್ಲ.

ಉಡುಗೊರೆಯ ಸಂಚಾರವನ್ನು ತಿಳಿಯದೆ ಆಯ್ಕೆಗೆ ಕೈಹಾಕಬಾರದು. ನ್ಯೂಗಿನಿಯ ಸಮೀಪದ ಟ್ರೋಬ್ರಿಯಾಂಡ್ ದ್ವೀಪಗಳ ‘ಕುಲಾ’ ವಿನಿಮಯವನ್ನು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1922ರಲ್ಲಿ ವರ್ಣಿಸಿದ್ದಾನೆ. ಅಲ್ಲಿ ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣವಾಗಿ, ತೋಳ್ಬಳೆಗಳು ಅಪ್ರದಕ್ಷಿಣವಾಗಿ ಸುತ್ತುತ್ತವೆ. ಯಾರೂ ಅವನ್ನು ಬಹುಕಾಲ ಇಟ್ಟುಕೊಳ್ಳುವಂತಿಲ್ಲ. ಕನ್ನಡನಾಡಿನಲ್ಲಿ ಇದರ ಸಮಾನವಸ್ತು ಬ್ಲೌಸ್ ಪೀಸು. ವರಮಹಾಲಕ್ಷ್ಮಿ ವ್ರತಕ್ಕೆ ಹೊರಟದ್ದು ಗೌರಿಹಬ್ಬದಲ್ಲಿ ಮೊರದ ಬಾಗಿನದೊಳಗೆ ಬೀಡುಬಿಟ್ಟು, ನವರಾತ್ರಿಯ ಅರಿಶಿನ-ಕುಂಕುಮಕ್ಕೆ ಮನೆ ಬದಲಿಸಿ, ಸಂಕ್ರಾಂತಿಯ ಎಳ್ಳಿನ ಜೊತೆ ಹೊರಟ ಮನೆಗೇ ಬಂದು ಸೇರುತ್ತದೆ. ಅದನ್ನು ಹೊಲಿಸುವವರಿಲ್ಲ. ಹೊಲಿಸಹೋದರೆ ದರ್ಜಿಯೇ ‘ಇದು ಸಾಲಲ್ಲಮ್ಮ, ಯಾರಿಗಾದ್ರೂ ಕೊಡೋಕಿಟ್ಕೊಳ್ಳಿ’ ಎಂದು ಚಕ್ರವನ್ನು ಮುಂದಕ್ಕೆ ತಳ್ಳುತ್ತಾನೆ. ಮರದ ವಯಸ್ಸನ್ನು ಉಂಗುರಗಳಿಂದ ಎಣಿಸುವಂತೆ, ಮಡಿಕೆಯ ಮೂಲೆಯ ಕುಂಕುಮದ ಕಲೆಗಳಿಂದ ಅದು ಎಷ್ಟು ಮನೆ ಕಂಡಿದೆಯೆಂದು ಹೇಳಬಹುದು. ದೀಪಾವಳಿಯ ಸೋನ್ ಪಾಪ್ಡಿ ಡಬ್ಬಿಯದೂ ಇದೇ ದಾರಿ. ಮುಗಿಯುವ ದಿನಾಂಕ ಮೇಲೆಯೇ ಅಚ್ಚಾಗಿರುವುದರಿಂದ ಬ್ಲೌಸ್ ಪೀಸಿನ ಅಮರತ್ವ ಮಾತ್ರ ಅದಕ್ಕೆ ದಕ್ಕಿಲ್ಲ.

ದುರಾರಾಧ್ಯ ಬಂಧುವಿಗೆ ತಕ್ಕದ್ದು ಹಾಸ್ಯದ ಉಡುಗೊರೆ. ಅದು ಈ ಚಕ್ರಕ್ಕೆ ಬಿದ್ದರೆ ವ್ಯರ್ಥ. ಸೋದರತ್ತೆಗೆ ಗುರಿಯಿಟ್ಟದ್ದು ಮೂರನೆಯ ಮನೆಯ ನಿರಪರಾಧಿಗೆ ತಗಲುತ್ತದೆ. ನಿವಾರಣೋಪಾಯ ಸುಲಭ: ವಸ್ತು ಸ್ಟೀಲಿನದಾಗಿದ್ದರೆ ಪಾತ್ರೆ ಅಂಗಡಿಯಲ್ಲೇ ಪಡೆಯುವವರ ಹೆಸರು ಹಾಕಿಸುವುದು.

ಇನ್ನು ಫಲದ ವಿಚಾರ. ಭರತನ ನಾಟ್ಯಶಾಸ್ತ್ರ ನಗೆಯನ್ನು ಆರು ಬಗೆಯಾಗಿ ವಿಂಗಡಿಸುತ್ತದೆ: ಹಲ್ಲು ಕಾಣದ ಸ್ಮಿತ, ತುಸು ಕಾಣುವ ಹಸಿತ, ಮೆಲುದನಿಯ ವಿಹಸಿತ, ಮೂಗಿನ ಹೊಳ್ಳೆ ಅರಳುವ ಉಪಹಸಿತ, ಕಣ್ಣೀರಿನೊಡನೆ ಹೆಗಲು ಕುಣಿಯುವ ಅಪಹಸಿತ, ಪಕ್ಕೆ ಹಿಡಿದುಕೊಳ್ಳುವ ಅತಿಹಸಿತ. ದುರಾರಾಧ್ಯ ಬಂಧುವಿನಿಂದ ಸ್ಮಿತಕ್ಕಿಂತ ಹೆಚ್ಚಿನದನ್ನು ಬಯಸುವುದು ದುರಾಶೆ. ವಿಹಸಿತ ಅಡುಗೆಮನೆಯಲ್ಲಿ ಹುಟ್ಟಬೇಕು. ಅತಿಹಸಿತಕ್ಕೆ ಕಾರು ಬೀದಿಯ ತಿರುವು ದಾಟುವವರೆಗೆ ಅವಕಾಶವಿಲ್ಲ.

ಇದನ್ನು ಸಾಧಿಸುವ ಉಪಾಯ ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಪ್ರತಿಪಾದಿಸಿದ ಧ್ವನಿತತ್ತ್ವ. ಉತ್ತಮ ಕಾವ್ಯದಲ್ಲಿ ವಾಚ್ಯಾರ್ಥದ ಹಿಂದೆ ವ್ಯಂಗ್ಯಾರ್ಥ ಹೊಳೆಯುವಂತೆ ಉಡುಗೊರೆಯಲ್ಲೂ ಎರಡು ಅರ್ಥ ಇರತಕ್ಕದ್ದು. ವಾಚ್ಯಾರ್ಥ ಪಡೆಯುವವರಿಗೆ, ವ್ಯಂಗ್ಯಾರ್ಥ ಪಕ್ಕದಲ್ಲಿ ನಿಂತ ಸಹೃದಯರಿಗೆ. ಎಲ್ಲರ ಮನೆಯ ಸಾರಿಗೂ ಉಪ್ಪು ಕಡಿಮೆ ಎನ್ನುವ ಸೋದರತ್ತೆಗೆ ಚೆಂದದ ಪಿಂಗಾಣಿ ಉಪ್ಪಿನ ಜಾಡಿ ಶ್ರೇಷ್ಠ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವೆಂಬ ನಂಬಿಕೆಯಿರುವುದರಿಂದ ಜಾಡಿ ಖಾಲಿಯಾಗಿರಬೇಕು. ಜಾಡಿಯ ಕುಸುರಿ ಅತ್ತೆಗೆ ಅರ್ಥವಾಗುತ್ತದೆ, ಉಳಿದದ್ದು ಸೊಸೆಯಂದಿರಿಗೆ. ವಾಟ್ಸಾಪಿನಲ್ಲಿ ಬೆಳಗಾದರೆ ಒಂದು ಮನೆಮದ್ದು ಕಳಿಸುವ ಷಡ್ಡಕನಿಗೆ ಮೆಂತ್ಯ, ನುಗ್ಗೆಸೊಪ್ಪಿನ ಪುಡಿ, ಹಾಗಲಕಾಯಿ ರಸಗಳನ್ನು ಅವನೇ ಕಳಿಸಿದ ಕ್ರಮದಲ್ಲಿ ಬುಟ್ಟಿಗೆ ಜೋಡಿಸಿ ಕೊಡತಕ್ಕದ್ದು. ಜಯನಗರದ ಸೈಟು ಅಂದು ಪುಡಿಗಾಸಿಗೆ ಬರುತ್ತಿತ್ತೆಂದು ಪ್ರತಿ ಹಬ್ಬದಲ್ಲೂ ಹಲುಬುವ ಚಿಕ್ಕಪ್ಪನಿಗೆ ಜಾಗ ಕೊಂಡು ಮಾರುವ ವ್ಯಾಪಾರದಾಟದ ಪೆಟ್ಟಿಗೆ ಒಪ್ಪುತ್ತದೆ. ಆತ ಆಟದಲ್ಲೂ ಕೊಳ್ಳಲು ಹಿಂದೆಮುಂದೆ ನೋಡುವುದು ಕಂಡುಬರುತ್ತದೆ.

ವ್ಯಂಗ್ಯಾರ್ಥವೇ ಮುಂದೆ ಬಂದು ನಿಲ್ಲುವ ವಸ್ತುಗಳು ನಿಷಿದ್ಧ: ತೂಕದ ಯಂತ್ರ, ತಲೆಗೂದಲಿನ ಬಣ್ಣ, ಅಡುಗೆ ಪುಸ್ತಕ. ಸಾಬೂನು ಕೂಡ ಈ ಗುಂಪಿಗೇ ಸೇರಬೇಕಿತ್ತು. ಆದರೆ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಮೈಸೂರ್ ಸ್ಯಾಂಡಲ್‌ಗೆ ವಿನಾಯಿತಿಯುಂಟು. ಅದರ ಘನತೆ ಎಂಥ ಸೂಚನೆಯನ್ನೂ ಮುಚ್ಚಿಹಾಕುತ್ತದೆ. ‘ಎಷ್ಟಾಯ್ತು?’ ಎಂದು ಬೆಲೆ ಕೇಳುವ ಬಂಧುವಿನ ವಿಷಯದಲ್ಲಿ ಬೆಲೆಚೀಟಿಯನ್ನು ಅರ್ಧ ಮಾತ್ರ ಕೀಳಬೇಕು. ಕೊನೆಯ ಎರಡು ಸೊನ್ನೆ ಉಳಿದರೆ ಸಾಕು, ಮುಂದಿನ ಹಬ್ಬದವರೆಗೆ ಅವರಿಗೆ ಬೇರೆ ಕೆಲಸವಿರುವುದಿಲ್ಲ.

ಹೊಸ ಅಳಿಯನೊಡನೆ ಹಾಸ್ಯಕ್ಕೆ ಶಾಸ್ತ್ರಸಮ್ಮತಿಯಿಲ್ಲ. ಮದುವೆಯಾದ ಮೊದಲ ದೀಪಾವಳಿಗೆ ಎಣ್ಣೆ-ನೀರು, ಹೊಸ ಬಟ್ಟೆ ಇತ್ಯಾದಿ ಗಂಭೀರವಾಗಿಯೇ ನಡೆಯಬೇಕು. ಪ್ರಾಚೀನರು ಅಳಿಯನನ್ನು ಹತ್ತನೆಯ ಗ್ರಹವೆಂದು ಎಣಿಸಿದ್ದಾರೆ. ಉಳಿದ ಒಂಬತ್ತಕ್ಕೆ ಒಂದೊಂದು ಹಿಡಿ ಧಾನ್ಯ ಇಟ್ಟರೆ ಶಾಂತಿ. ಇದಕ್ಕೆ ಉಂಗುರವೂ ಕೆಲವೊಮ್ಮೆ ಸಾಲದು.

ಕೊಟ್ಟ ಮೇಲೆ ‘ಇಷ್ಟವಾಯಿತೇ?’ ಎಂದು ಕೇಳಕೂಡದು. ಕೇಳಿದರೆ ಉತ್ತರ ಬರುತ್ತದೆ. ವ್ಯಂಗ್ಯಾರ್ಥ ಬಂಧುವಿಗೆ ಹೊಳೆಯಿತೇ ಇಲ್ಲವೇ ಎಂಬುದು ಮುಂದಿನ ಹಬ್ಬಕ್ಕೆ ಆ ಕಡೆಯಿಂದ ಬರುವ ಪೊಟ್ಟಣದಿಂದ ತಿಳಿಯುತ್ತದೆ. ಬ್ಲೌಸ್ ಪೀಸು ಬಂದರೆ ಹೊಳೆದಿಲ್ಲ. ತೂಕದ ಯಂತ್ರವೋ ಅಡುಗೆ ಪುಸ್ತಕವೋ ಬಂದರೆ ಹೊಳೆದಿದೆ ಎಂದೇ ಅರ್ಥ. ಅದನ್ನು ಎರಡೂ ಕೈಚಾಚಿ ಸ್ವೀಕರಿಸಬೇಕು. ಆಗಿನ ನಗೆ ಸ್ಮಿತವನ್ನು ಮೀರಕೂಡದು.