ತರಂಗವೈದ್ಯ ಭಾವನವರು

ಬಂಧುವರ್ಗದಲ್ಲಿ ನಾಡಿ ಹಿಡಿಯುವವರೊಬ್ಬರು, ಜಾತಕ ನೋಡುವವರೊಬ್ಬರು ಇರುತ್ತಿದ್ದ ಕಾಲವೊಂದಿತ್ತು; ಈಚೆಗೆ ಆ ಎರಡು ಪೀಠಗಳನ್ನೂ ಒಬ್ಬರೇ ಅಲಂಕರಿಸಿರುವವರು ವೈಫೈ ಬಲ್ಲವರು. ನಮ್ಮ ಪಾಲಿಗೆ ಬಂದವರು ಅಕ್ಕನ ಯಜಮಾನರು. ಭಾವನೆಂಬುದು ಎದುರಾಡಲು ಆಸ್ಪದವಿಲ್ಲದ ಸಂಬಂಧವಾದುದರಿಂದ ಅವರ ಚಿಕಿತ್ಸೆಯನ್ನು ನಮ್ಮ ಮನೆಯು ಮೌನವಾಗಿಯೇ ಅನುಭವಿಸುತ್ತ ಬಂದಿದೆ.

ಕಾಫಿಯ ಲೋಟಕ್ಕೆ ಕೈ ಚಾಚುವ ಮೊದಲೇ ಅವರು ಮೊಬೈಲನ್ನು ಮೇಲೆತ್ತಿ ಹಿಡಿದು, ಕೋಣೆಯಿಂದ ಕೋಣೆಗೆ ಮಂದಗತಿಯಲ್ಲಿ ಸಂಚರಿಸುತ್ತಾರೆ. 2.4 ಗಿಗಾಹರ್ಟ್ಸ್ ನಿಧಾನವಾದರೂ ಗೋಡೆ ದಾಟಬಲ್ಲುದು, 5 ಗಿಗಾಹರ್ಟ್ಸ್ ಶೀಘ್ರಗಾಮಿಯಾದರೂ ಗೋಡೆ ಕಂಡೊಡನೆ ಸೊರಗುವುದು ಎಂಬ ಉಪದೇಶ ಪ್ರತಿ ಭೇಟಿಯಲ್ಲಿಯೂ ಆಗಲೇಬೇಕು. ಮೈಕ್ರೋವೇವ್ ಒಲೆಯದೂ ಅದೇ 2.4ರ ಆಸುಪಾಸಿನ ತರಂಗವೆಂದು, ಮಗನ ಆಫೀಸ್ ಮೀಟಿಂಗಿನ ವೇಳೆಯಲ್ಲಿ ಅನ್ನ ಬಿಸಿ ಮಾಡುವುದನ್ನೇ ಅವರು ನಿಷೇಧಿಸಿದ್ದಾರೆ.

ಹಜಾರದ ರೌಟರಿನಿಂದ ಹಿತ್ತಿಲ ಕಡೆಯ ಕೋಣೆಗೆ ಸಿಗ್ನಲ್ ತಲುಪದಿರುವುದಕ್ಕೆ ನಡುಮನೆಯಲ್ಲಿದ್ದ, ನನ್ನ ಹೆಂಡತಿಯ ತವರಿನಿಂದ ಬಂದ ಉಕ್ಕಿನ ಬೀರುವೇ ಕಾರಣವೆಂದು ಅವರು ಒಮ್ಮೆ ನಿರ್ಣಯಿಸಿದರು. ಲೋಹವು ತರಂಗಗಳನ್ನು ಹಿಂದಕ್ಕೆಸೆಯುತ್ತದೆಂಬುದು ಸತ್ಯವೇ. ಆದರೆ ರೇಷ್ಮೆ ಸೀರೆಗಳನ್ನೂ ಬೆಳ್ಳಿಯ ತಟ್ಟೆಗಳನ್ನೂ ವಿಮಾ ಪತ್ರಗಳನ್ನೂ ನೆಲದ ಮೇಲೆ ಹರಡಿ, ಅದನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಸರಿಸುವಾಗ, ಬೀರು ಹೊತ್ತವನು ನಾನು, ಮೊಬೈಲ್ ಹೊತ್ತವರು ಅವರು. ಹಿಂದಿನ ಕೋಣೆಗೆ ಸಿಗ್ನಲ್ ಬಂದುದೇನೋ ನಿಜ. ಅದೇ ಸಂಜೆ ಒಲೆಯ ಮುಂದೆ ನಿಂತು ನನ್ನಾಕೆ ನೋಡುತ್ತಿದ್ದ ಧಾರಾವಾಹಿ ಮಾತ್ರ, ಅತ್ತೆಯು ಬಾಯಿ ತೆರೆದೊಡನೆ ಸ್ತಂಭಿಸಿಹೋಯಿತು. ಬೀರು ಸ್ವಸ್ಥಾನಕ್ಕೆ ಮರಳಿತು, ಹೊತ್ತವರು ಬದಲಾಗಲಿಲ್ಲ.

ಅನಂತರ ಬಂದುದು ಎಕ್ಸ್‌ಟೆಂಡರ್. ಸಿಗ್ನಲ್ ಇನ್ನೂ ಜೀವಂತವಾಗಿರುವ ನಡುದಾರಿಯಲ್ಲಿ ಇಡಬೇಕಾದ ಅದನ್ನು, ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಅವರು ಪ್ರತಿಷ್ಠಾಪಿಸಿದರು. ನಡುದಾರಿಗೆ ತಂದಾಗಲೂ, ಒಂದೇ ರೇಡಿಯೋ ಕೇಳಿಸಿಕೊಂಡದ್ದನ್ನು ತಾನೇ ಮತ್ತೆ ಸಾರಬೇಕಾದ್ದರಿಂದ, ವೇಗ ಅರ್ಧಕ್ಕಿಳಿಯಿತು. "ಮಾವ, ಒಂದು ಲ್ಯಾನ್ ಕೇಬಲ್ ಎಳೆದು ಆ ತುದೀಲಿ ಆಕ್ಸೆಸ್ ಪಾಯಿಂಟ್ ಇಟ್ಟರೆ ಮುಗೀತಲ್ಲ?" ಎಂದ ನನ್ನ ಮಗ. ಭಾವನವರ ಮುಖ ಕಳೆಗುಂದಿತು. "ಕೇಬಲ್ ಎಳೆಯೋದಕ್ಕೆ ನಾನ್ಯಾಕೋ ಬೇಕು?"

ಆ ಪ್ರಶ್ನೆ ನನ್ನನ್ನು ಕೆಲವು ದಿನ ಕಾಡಿತು. ಒಬ್ಬೊಬ್ಬರೂ ಒಂದೊಂದು ಕೋಣೆಯ ಬಾಗಿಲು ಮುಚ್ಚಿಕೊಂಡು ಕುಳಿತಿರುವ ನಮ್ಮ ಮನೆಯಲ್ಲಿ, ಪ್ರತಿಯೊಂದು ಬಾಗಿಲನ್ನೂ ತಟ್ಟಿ "ಇಲ್ಲಿ ಹೇಗಿದೆ?" ಎಂದು ಕೇಳುವವರು ಅವರೊಬ್ಬರೇ. ಇಂಟರ್‌ನೆಟ್ಟಿನ ಗೊಡವೆಯೇ ಇಲ್ಲದ ನಮ್ಮ ತಂದೆಯವರು ಆ ಪ್ರಶ್ನೆಗೆ, "ಅಮಾವಾಸ್ಯೆ ಕಳೆದ ಮೇಲೆ ಮಂಡಿನೋವು ಸ್ವಲ್ಪ ವಾಸಿ ಅಳಿಯಂದಿರೇ" ಎಂದು ಉತ್ತರಿಸುತ್ತಾರೆ. ಭಾವನವರು ಮೊಬೈಲನ್ನು ಎತ್ತಿ ಹಿಡಿದುಕೊಂಡೇ ಮಂಚದ ಅಂಚಿನಲ್ಲಿ ಕುಳಿತು, ಎಡಮಂಡಿಯ ವೃತ್ತಾಂತವನ್ನೂ ಬಲಮಂಡಿಯ ವೃತ್ತಾಂತವನ್ನೂ ಸಾದ್ಯಂತವಾಗಿ ಕೇಳುತ್ತಾರೆ. ಮಗನಾದ ನಾನು ಅಷ್ಟು ಹೊತ್ತು ಕೇಳಿದ್ದು ನೆನಪಿಲ್ಲ.

ಆದಕಾರಣ ಹೊಸಮನೆ ಕಟ್ಟಿಸುವವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಗಾರೆಗೆ ಮುನ್ನವೇ ಕೋಣೆಕೋಣೆಗೂ ಕೇಬಲ್ಲಿಗೊಂದು ಪೈಪು ಹಾಕಿಸಿರಿ, ಹಾಕಿಸಿದ ಸುದ್ದಿಯನ್ನು ನಿಮ್ಮ ಭಾವನವರಿಗೆ ಮಾತ್ರ ತಿಳಿಸಬೇಡಿರಿ.